ಬಿಡುಗಡೆಯಾದ ಕೈದಿಯೂ ಅವನ ಊರೂ

ಶಿಕ್ಷೆಯ ಅವಧಿ ತೀರಿದ ದಿನ ಸೆರೆಮನೆಯ ಅಧಿಕಾರಿಯು ದಫ್ತರದಲ್ಲಿ ಕೈದಿಯ ಹೆಸರಿನ ಮುಂದೆ ಗುರುತು ಹಾಕಿ, ಅವನು ಒಳಗೆ ದುಡಿದ ಕೂಲಿಯನ್ನು ಲೆಕ್ಕಮಾಡಿ ಕೊಟ್ಟು ಬಾಗಿಲು ತೆರೆಯಿಸುವನು. ಅಲ್ಲಿಗೆ ಸರಕಾರದ ಕಾರ್ಯವು ಮುಗಿಯಿತೆಂಬ ಭಾವನೆಯು ನಮ್ಮ ಅಧಿಕಾರಿವರ್ಗದಲ್ಲಿಯೂ ವಿದ್ಯಾವಂತ ನಾಗರಿಕರಲ್ಲಿಯೂ ಬಲವಾಗಿ ಬೇರೂರಿದೆ. ಆದರೆ ಹೊರಗೆ ಬಂದ ಮನುಷ್ಯನು ನೆಟ್ಟಗಾಗುವನೋ ಮರಳಿ ಕೆಡುವನೋ ಎಂಬುದು ನಿಶ್ಚಯವಾಗುವದು ಆ ಬಾಗಿಲಿನ ಹೊರಗೆ. ಅವನನ್ನು ಕರೆದೊಯ್ಯಲು ಯಾರು ಬಂದಿರುವರು, ಆ ರಾತ್ರಿ ಅವನಿಗೆ ಯಾರ ಮನೆಯಲ್ಲಿ ಊಟ, ಮರುದಿನ ಯಾರ ಮಾತಿನ ಮೇಲೆ ಅವನಿಗೆ ಕೆಲಸ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುವವನು ಜೇಲರನೂ ಅಲ್ಲ, ನ್ಯಾಯಾಧೀಶನೂ ಅಲ್ಲ. ಬಂಧುಗಳು, ನೆರೆಯವರು, ಜಾತಿಯವರು, ಊರಿನ ಹಿರಿಯರು. ಇಷ್ಟು ದೊಡ್ಡ ಹೊಣೆಯನ್ನು ಯಾವ ವಿಚಾರವೂ ಇಲ್ಲದೆ ಬಂಧುಬಳಗದ ಮೇಲೆ ಹೊರಿಸಿ ನಾವು ಸುಮ್ಮನಿರುವದು ಸರಿಯೇ ಎಂಬುದನ್ನು ಪರಿಶೀಲಿಸುವದು ಅವಶ್ಯವಾಗಿದೆ.

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನಲ್ಲಿ, ಹಂಪೆಯ ಎದುರಿಗೆ, ತುಂಗಭದ್ರೆಯ ಕವಲುಗಳ ನಡುವೆ ವಿರೂಪಾಪುರಗಡ್ಡೆಯೆಂಬ ನಡುಗಡ್ಡೆಯಿದೆ. ಇಂಥ ಸ್ಥಳಕ್ಕೆ ಸೆರೆಮನೆಯಿಂದ ಮರಳುವವನೊಬ್ಬನ ಸ್ಥಿತಿಯನ್ನು ವಾಚಕರು ಊಹಿಸಿಕೊಳ್ಳಲಿ. ಹಂಪೆಯ ದಂಡೆಯಿಂದ ಹೊಳೆ ದಾಟಿ ಬಂದರೂ ಸರಿ, ಸಾಣಾಪುರದ ಕಡೆಯಿಂದ ರಸ್ತೆ ಹಿಡಿದು ಬಂದರೂ ಸರಿ, ಅವನು ಯಾರ ಮಗ, ಯಾವ ಮೊಕದ್ದಮೆಯಲ್ಲಿ ಒಳಗೆ ಹೋದವನು, ಎಷ್ಟು ವರ್ಷ ಇದ್ದು ಬಂದನು ಎಂಬುದೆಲ್ಲವೂ ಅವನು ಮನೆ ಮುಟ್ಟುವ ಮೊದಲೇ ಎಲ್ಲರಿಗೂ ತಿಳಿದಿರುವದು. ಬೆಂಗಳೂರಿನಂಥ ಪಟ್ಟಣದಲ್ಲಾದರೆ ಒಂದು ಕೋಣೆ ಹಿಡಿದು, ಹಿಂದಿನದನ್ನು ಯಾರಿಗೂ ಹೇಳದೆ ಹೊಸ ಬಾಳು ಹೂಡಬಹುದು. ಗಡ್ಡೆಯಲ್ಲಿ ಅದು ಆಗದ ಮಾತು. ಮತ್ತೆ ಅಲ್ಲಿ ಉದ್ಯೋಗವೆಂಬುದು ಅರ್ಜಿ ಬರೆದು ಸಂಪಾದಿಸುವ ವಸ್ತುವಲ್ಲ. ಒಂದು ಕಾಲಕ್ಕೆ ಗಡ್ಡೆಯಲ್ಲಿ ಪ್ರವಾಸಿಗರ ವಸತಿಗೃಹಗಳು ಅನೇಕವಿದ್ದವು. ಅಡಿಗೆಗೆ, ಕಸಮುಸುರೆಗೆ, ಸಾಮಾನು ಹೊರುವದಕ್ಕೆ ಆಳು ಬೇಕಾಗುತ್ತಿತ್ತು. ಹಂಪೆಯ ಸಂರಕ್ಷಿತ ಪ್ರದೇಶದಲ್ಲಿ ಅವು ಕಾನೂನುಬಾಹಿರವೆಂದು 2020ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು, ಮಾರ್ಚಿಯಲ್ಲಿ ಅವು ನೆಲಸಮವಾದವು. ಆ ತೀರ್ಪಿನ ಗುಣದೋಷ ಇಲ್ಲಿಯ ವಿಷಯವಲ್ಲ. ಉಳಿದದ್ದು ಭತ್ತದ ಗದ್ದೆ, ಬಾಳೆಯ ತೋಟ, ದೋಣಿ, ಗಂಗಾವತಿಯ ಅಕ್ಕಿಯ ಗಿರಣಿ. ಇವುಗಳಲ್ಲಿ ಯಾವುದಕ್ಕೆ ಸೇರಬೇಕಾದರೂ ‘ಇವನು ನಮ್ಮವನು, ನಾನು ಬಲ್ಲೆ’ ಎಂದು ಹೇಳುವ ಒಬ್ಬನು ಬೇಕು. ಆ ಒಬ್ಬನು ಇರುವವನು ಬದುಕುವನು.

ಸೆರೆವಾಸವು ತಾನಾಗಿ ಮನುಷ್ಯನ ಹಣೆಗೆ ಮಸಿ ಬಳಿಯುವದಿಲ್ಲ, ಬಳಿಯುವವರು ಜನರು. ನಮ್ಮ ನಾಡಿನ ಇತಿಹಾಸವೇ ಇದಕ್ಕೆ ಸಾಕ್ಷಿ. 1930ರಲ್ಲಿಯೂ 1942ರಲ್ಲಿಯೂ ಹಿಂಡಲಗಿ, ಯರವಡಾ ಮೊದಲಾದ ಜೇಲುಗಳಿಂದ ಹೊರಬಂದ ಸತ್ಯಾಗ್ರಹಿಗಳಿಗೆ ಊರೂರಿನಲ್ಲಿ ಹೂಮಾಲೆಗಳು ಕಾದಿದ್ದವು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳು ಆಗ ಹೈದರಾಬಾದ ಸಂಸ್ಥಾನಕ್ಕೆ ಸೇರಿದ್ದವು. ನಿಜಾಮನ ಸೆರೆಯನ್ನು ಕಂಡು ಬಂದ ಸ್ವಾಮಿ ರಾಮಾನಂದ ತೀರ್ಥರನ್ನು 1952ರ ಮೊದಲನೆಯ ಸಾರ್ವತ್ರಿಕ ಚುನಾವಣೆಯಲ್ಲಿ ಗುಲಬರ್ಗೆಯ ಮತದಾರರು ಲೋಕಸಭೆಗೇ ಕಳಿಸಿದರು. ಸತ್ಯಾಗ್ರಹಿಗೂ ಕಳುವಿನ ಕೈದಿಗೂ ಯಾವ ಸಾಟಿ ಎಂದು ಯಾರಾದರೂ ಕೇಳಿಯಾರು. ಸಾಟಿಯಿಲ್ಲ, ಇಬ್ಬರನ್ನು ಒಂದೇ ತಕ್ಕಡಿಯಲ್ಲಿಡುವದು ನಮ್ಮ ಉದ್ದೇಶವೂ ಅಲ್ಲ. ಅದೇ ಕಲ್ಲಿನ ಗೋಡೆ, ಅದೇ ಜೋಳದ ರೊಟ್ಟಿ, ಅದೇ ಬೀಗ ಇಬ್ಬರಿಗೂ ಇದ್ದರೂ ಒಬ್ಬನು ಮುಖವೆತ್ತಿ ಊರಿಗೆ ಬಂದನು, ಇನ್ನೊಬ್ಬನು ಕತ್ತಲಾದ ಮೇಲೆ ಬಂದನು. ಈ ಅಂತರವನ್ನು ಉಂಟುಮಾಡಿದ್ದು ಲೋಕಮತವೆಂದಷ್ಟೇ ನಾವು ಹೇಳುವದು. ಸತ್ಯಾಗ್ರಹಿಯ ಹೆಂಡಿರುಮಕ್ಕಳನ್ನು ಅವನು ಒಳಗಿದ್ದಾಗ ನೋಡಿಕೊಂಡವರಿದ್ದರು, ಹೊರಗೆ ಬಂದಾಗ ಕೆಲಸ ಕೊಡುವವರಿದ್ದರು. ಸಾಮಾನ್ಯ ಕೈದಿಯ ಸಂಸಾರವನ್ನು ಕೇಳುವವರು ಯಾರು?

ಬಂಧುಬಲದ ಪ್ರಭಾವವು ಬಿಡುಗಡೆಯ ತರುವಾಯ ಮಾತ್ರ ಆರಂಭವಾಗುವದೆಂದು ತಿಳಿಯುವದೂ ತಪ್ಪು. ಬಿಡುಗಡೆಯಾಗುವದೇ ಅನೇಕ ವೇಳೆ ಅದರ ಮೇಲೆ ನಿಂತಿರುವದು. ಭಾರತ ಸರಕಾರದವರು ಪ್ರಕಟಿಸಿದ 2022ರ ಅಂಕಿಗಳ ಪ್ರಕಾರ ದೇಶದ ಸೆರೆಮನೆಗಳಲ್ಲಿ 5,73,220 ಜನರಿದ್ದರು. ಅವರಲ್ಲಿ 4,34,302 ಜನರು, ಅಂದರೆ ನೂರಕ್ಕೆ ಸುಮಾರು 76 ಜನರು, ಇನ್ನೂ ಅಪರಾಧ ಸಿದ್ಧವಾಗದ ವಿಚಾರಣಾಧೀನರು. ಇವರಲ್ಲಿ ಜಾಮೀನು ಮಂಜೂರಾದ ಮೇಲೂ ಒಳಗೇ ಉಳಿಯುವ ಬಡವರಿರುತ್ತಾರೆ. ಕಾರಣವಿಷ್ಟೇ: ಪಹಣಿ ಹಿಡಿದು ಕೋರ್ಟಿಗೆ ಬಂದು ಸಹಿ ಹಾಕುವ ಜಾಮೀನುದಾರನು ಅವರಿಗೆ ಇಲ್ಲ. ಭೂಮಿಯುಳ್ಳ ಮಾವನಿರುವವನು ಎಂಟು ದಿನಕ್ಕೆ ಮನೆಗೆ ಹೋಗುವನು. ಬೇರೆ ಜಿಲ್ಲೆಯಿಂದ ದುಡಿಯಲು ಬಂದ ಕೂಲಿಕಾರನು, ಅದೇ ಆರೋಪಕ್ಕೆ, ಎಂಟು ತಿಂಗಳಾದರೂ ಹೊರಬರಲಾರನು. 1978ರಷ್ಟು ಹಿಂದೆಯೇ ಮೋತಿರಾಮ ಎಂಬ ಗವಂಡಿಯ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರರು ಈ ಅನ್ಯಾಯವನ್ನು ಖಂಡಿಸಿದ್ದರು. ಬಡ ಕೈದಿಗಳ ಜಾಮೀನಿಗೆ 40,000 ರೂಪಾಯಿಗಳವರೆಗೂ ದಂಡಕ್ಕೆ 25,000 ರೂಪಾಯಿಗಳವರೆಗೂ ನೆರವೀಯುವ ಯೋಜನೆಯನ್ನು ಕೇಂದ್ರ ಸರಕಾರದವರು 2023ರಲ್ಲಿ ಹೊರಡಿಸಿದರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಮರಣದಂಡನೆ ಇಲ್ಲವೆ ಜೀವಾವಧಿಗೆ ಅರ್ಹವಾದ ಅಪರಾಧಗಳ ಹೊರತು, ಹಿಂದೆ ಯಾವ ಅಪರಾಧದಲ್ಲಿಯೂ ದೋಷಿಯೆಂದು ನಿರ್ಣಯವಾಗದವನು ಗರಿಷ್ಠ ಶಿಕ್ಷೆಯ ಮೂರರಲ್ಲೊಂದು ಭಾಗವನ್ನು ಒಳಗೆ ಕಳೆದಿದ್ದರೆ ಅವನನ್ನು ಬಿಡಬೇಕೆಂದಿದೆ. ಇವು ಸ್ವಾಗತಾರ್ಹ ಕ್ರಮಗಳು. ಆದರೆ ಹಣವನ್ನು ಸರಕಾರ ಕೊಟ್ಟೀತು. ‘ಇವನು ತಾರೀಖಿಗೆ ಬರುವನು’ ಎಂದು ನಂಬಿ ನಿಲ್ಲುವ ನೆಂಟನನ್ನು ಕೊಡಲಾರದು.

ಪರದೇಶಗಳಲ್ಲಿ ಈ ವಿಷಯವನ್ನು ಶಾಸ್ತ್ರೀಯವಾಗಿ ಅಳೆದು ನೋಡಿದ್ದಾರೆ. ಅಮೆರಿಕೆಯ ಮಿನೆಸೋಟಾ ಸಂಸ್ಥಾನದವರು 2003ರಿಂದ 2007ರವರೆಗೆ ಬಿಡುಗಡೆಯಾದ 16,420 ಕೈದಿಗಳ ವೃತ್ತಾಂತವನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದರು. ಒಳಗಿದ್ದಾಗ ಒಮ್ಮೆಯಾದರೂ ಯಾರಾದರೂ ಬಂದು ಕಂಡುಹೋದ ಕೈದಿಗಳಲ್ಲಿ, ಮರಳಿ ಶಿಕ್ಷೆಗೆ ಗುರಿಯಾಗುವ ಸಂಭವವು ಉಳಿದವರಿಗಿಂತ ನೂರಕ್ಕೆ 13ರಷ್ಟು ಕಡಿಮೆಯಾಗಿತ್ತು. ಒಡಹುಟ್ಟಿದವರು, ತಂದೆ, ಅತ್ತೆಮಾವಂದಿರ ಕಡೆಯವರು, ಧರ್ಮಗುರುಗಳು ಬಂದಲ್ಲಿ ಹೆಚ್ಚು ಹಿತವಾಯಿತು. ಬಿಟ್ಟುಹೋದ ಹೆಂಡತಿಯೋ ಗಂಡನೋ ಬಂದಲ್ಲಿ ಮಾತ್ರ ಅಪಾಯವೇ ಹೆಚ್ಚಿತು. ಕೊನೆಯ ಈ ಅಂಶವು ನಮ್ಮ ವಿಚಾರಕ್ಕೆ ಬಹಳ ಮುಖ್ಯವಾದುದು. ಸಂಬಂಧವಿದ್ದರೆ ಸಾಕು, ಅದರಿಂದ ಒಳ್ಳೆಯದೇ ಆಗುವದೆಂಬುದು ಭ್ರಮೆ. ಎಂಥ ಸಂಬಂಧವೆಂಬುದನ್ನೂ ನೋಡಬೇಕು.

ಭೇಟಿಯ ಮಾತು ಬಂದುದರಿಂದ ನಮ್ಮ ಕಡೆಯ ಸ್ಥಿತಿಯನ್ನೂ ನೋಡೋಣ. ಕೊಪ್ಪಳ ಜಿಲ್ಲೆಯಿಂದ ದೀರ್ಘ ಶಿಕ್ಷೆಗೆ ಹೋದವನನ್ನು ನೋಡಲು ಮನೆಯವರು ಹೊಳೆಯಾಚೆಯ ಬಳ್ಳಾರಿಯ ಕೇಂದ್ರ ಕಾರಾಗೃಹಕ್ಕೆ ಹೋಗಬೇಕಾಗುವದು. ನಾಟಿಯ ದಿನಗಳಲ್ಲಿ ಗದ್ದೆಯ ಕೂಲಿ ಬಿಟ್ಟು, ಬಸ್ಸಿಗೆ ಹಣ ಹೊಂದಿಸಿ, ಗುರುತಿನ ಚೀಟಿ ಹಿಡಿದು ಸರದಿಯಲ್ಲಿ ನಿಂತ ತಾಯಿಗೆ ದೊರೆಯುವದು ಕೆಲವು ನಿಮಿಷಗಳ ಮಾತು. ಮೊದಲ ವರ್ಷ ತಿಂಗಳಿಗೊಮ್ಮೆ ಹೋದವಳು ಮೂರನೆಯ ವರ್ಷಕ್ಕೆ ಜಾತ್ರೆ ಹಬ್ಬಗಳಿಗೆ ಹೋಗುವಳು, ಆಮೇಲೆ ಅದೂ ನಿಲ್ಲುವದು. ಈಗ ದೂರದಿಂದಲೇ ಮುಖ ನೋಡಿ ಮಾತನಾಡುವ ಇ-ಮುಲಾಕಾತ್ ವ್ಯವಸ್ಥೆ ಬಂದಿದೆ. ಆದರೆ ಅದನ್ನು ನಡೆಸಬಲ್ಲವರು ಮನೆಯಲ್ಲಿಯೇ ಇರಬೇಕಷ್ಟೆ! ಗ್ರಾಮ ಪಂಚಾಯತಿಯ ಕಚೇರಿಯಲ್ಲಿ ವಾರಕ್ಕೊಂದು ದಿನ ಇದಕ್ಕೆ ಅನುಕೂಲ ಮಾಡಿಕೊಟ್ಟರೆ ಸರಕಾರಕ್ಕೆ ಹೆಚ್ಚಿನ ವೆಚ್ಚವೇನೂ ಬಾರದು.

ಇನ್ನು ಅಹಿತವನ್ನೇ ಮಾಡಬಲ್ಲ ಸಂಬಂಧಗಳ ಮಾತು. ಇದೇ ಗಂಗಾವತಿ ತಾಲೂಕಿನ ಮರಕುಂಬಿಯ ಮೊಕದ್ದಮೆಯು ದೇಶದ ಗಮನವನ್ನೇ ಸೆಳೆದದ್ದು ವಾಚಕರಿಗೆ ನೆನಪಿರಬಹುದು. ಕ್ಷೌರದ ಅಂಗಡಿ, ಹೋಟೆಲುಗಳಲ್ಲಿ ದಲಿತರಿಗೆ ಪ್ರವೇಶವಿಲ್ಲದ ಬಗ್ಗೆ ಊರಿನಲ್ಲಿ ಮೊದಲೇ ಕಲಹವಿತ್ತು. 2014ರ ಆಗಸ್ಟ 28ರಂದು, ಗಂಗಾವತಿಯ ಚಿತ್ರಮಂದಿರದಲ್ಲಿ ನಡೆದ ಜಗಳದ ತರುವಾಯ, ಮರಕುಂಬಿಯಲ್ಲಿ ದಲಿತರ ಮೇಲೆ ಹಲ್ಲೆಯಾಗಿ ಅವರ ಗುಡಿಸಲುಗಳಿಗೆ ಬೆಂಕಿ ಬಿದ್ದಿತು. ಹತ್ತು ವರ್ಷಗಳ ಮೇಲೆ, 2024ರ ಅಕ್ಟೋಬರ 24ರಂದು, ಕೊಪ್ಪಳದ ಜಿಲ್ಲಾ ನ್ಯಾಯಾಲಯವು 98 ಜನರಿಗೆ ಜೀವಾವಧಿ ಶಿಕ್ಷೆಯನ್ನೂ ಇನ್ನು 3 ಜನರಿಗೆ 5 ವರ್ಷಗಳ ಶಿಕ್ಷೆಯನ್ನೂ ವಿಧಿಸಿತು. ಮರುತಿಂಗಳೇ ಹೈಕೋರ್ಟಿನ ಧಾರವಾಡ ಪೀಠವು ಅವರಲ್ಲಿ ಬಹುಪಾಲು ಜನರ ಶಿಕ್ಷೆಯನ್ನು ಮೇಲ್ಮನವಿಯ ಇತ್ಯರ್ಥದವರೆಗೆ ತಡೆಹಿಡಿದು ಜಾಮೀನು ಕೊಟ್ಟಿತು. ಅಪರಾಧದ ನಿರ್ಣಯವು ನ್ಯಾಯಾಲಯಕ್ಕೆ ಸೇರಿದ್ದು, ಅದರಲ್ಲಿ ನಾವು ಕೈಹಾಕುವದಿಲ್ಲ. ನಮಗೆ ಇಲ್ಲಿ ಕಾಣುವ ಪ್ರಶ್ನೆ ಬೇರೆ.

ಒಬ್ಬ ಒಂಟಿ ಕೈದಿಯು ಊರಿಗೆ ಬರುವದು ಬೇರೆ, ಒಂದೇ ಮೊಕದ್ದಮೆಯ ತೊಂಬತ್ತಕ್ಕೂ ಹೆಚ್ಚು ಜನರು ಕೂಡಿ ಬರುವದು ಬೇರೆ. ಒಂಟಿಯವನಿಗೆ ‘ನಮ್ಮವನು’ ಎನ್ನುವವರು ಸಿಕ್ಕುವರೋ ಇಲ್ಲವೋ ಎಂಬ ಚಿಂತೆಯಾದರೆ, ಇವರಿಗೆ ಆ ಚಿಂತೆಯೇ ಇಲ್ಲ. ಮನೆ, ಹೊಲ, ಎತ್ತು, ಬಂಧು, ಜಾತಿ ಎಲ್ಲವೂ ಕಾದಿರುವವು. ಬಂಧುಬಳಗವೇ ಪುನರ್ವಸತಿಯ ಮದ್ದೆಂಬ ವಾದವನ್ನು ಅಕ್ಷರಶಃ ಒಪ್ಪಿದರೆ ಇವರಷ್ಟು ಸುಲಭವಾಗಿ ಸಮಾಜದಲ್ಲಿ ಕೂಡಿಕೊಳ್ಳುವವರು ಬೇರೆ ಯಾರೂ ಇರಲಾರರು. ಆದರೆ ಯಾವ ಸಮಾಜದಲ್ಲಿ? ಊರಿನ ಒಂದು ಓಣಿಗೆ ಅವರು ಮರಳಿ ಬಂದ ಅಣ್ಣತಮ್ಮಂದಿರು. ಇನ್ನೊಂದು ಓಣಿಗೆ ಅವರು, ಕೆಳಗಿನ ನ್ಯಾಯಾಲಯವು ಕೊಟ್ಟ ತೀರ್ಪಿನ ಪ್ರಕಾರ, ತಮ್ಮ ಮನೆಗೆ ಬೆಂಕಿಯಿಟ್ಟವರು. ಮೊದಲನೆಯ ಓಣಿಯು ಅವರನ್ನು ಎಷ್ಟು ಗಟ್ಟಿಯಾಗಿ ಅಪ್ಪಿಕೊಳ್ಳುವದೋ ಎರಡನೆಯ ಓಣಿಯಲ್ಲಿ ಅಷ್ಟೇ ಅಂಜಿಕೆ ಬೆಳೆಯುವದು. ಸಾಕ್ಷಿ ನುಡಿದ ಕೂಲಿಕಾರನು ಮುಂದಿನ ಸುಗ್ಗಿಯಲ್ಲಿ ಯಾರ ಹೊಲಕ್ಕೆ ಹೋಗಬೇಕು? ಅವನ ಮಕ್ಕಳು ಯಾವ ಅಂಗಡಿಯಲ್ಲಿ ಸಾಮಾನು ಕೊಳ್ಳಬೇಕು? ಒಂದು ಊರಿನಲ್ಲಿ ಸಂಬಂಧಗಳ ಹಂಚಿಕೆಯೇ ಅನ್ಯಾಯವಾಗಿದ್ದಲ್ಲಿ, ಆ ಸಂಬಂಧಗಳ ಬಲದಿಂದಲೇ ಆದ ಪುನರ್ವಸತಿಯು ಹಳೆಯ ಅನ್ಯಾಯವನ್ನು ಅದೇ ಸ್ಥಾನದಲ್ಲಿ ಮತ್ತೆ ಪ್ರತಿಷ್ಠಾಪಿಸಿದಂತಾಗುವದು.

ಕಾನೂನು ಇದನ್ನು ಸಂಪೂರ್ಣವಾಗಿ ಮರೆತಿಲ್ಲ. 2015ರ ತಿದ್ದುಪಡಿಯಿಂದ ದೌರ್ಜನ್ಯ ತಡೆ ಕಾಯಿದೆಗೆ ಸೇರಿದ 15ಎ ಕಲಮಿನ ಪ್ರಕಾರ ಜಾಮೀನು, ಪೆರೋಲು, ಬಿಡುಗಡೆ ಮುಂತಾದ ಯಾವ ಕಲಾಪದಲ್ಲಿಯೂ ತಮ್ಮ ಮಾತನ್ನು ಹೇಳಿಕೊಳ್ಳುವ ಹಕ್ಕು ನೊಂದವರಿಗಿದೆ. ಸಾಕ್ಷಿದಾರರ ರಕ್ಷಣೆಯ ಹೊಣೆಯೂ ಸರಕಾರದ್ದೇ. ಆದರೆ ಕಲಮು ಕೋರ್ಟಿನ ಮೆಟ್ಟಿಲವರೆಗೆ ಬರಬಲ್ಲದು. ಕ್ಷೌರದ ಅಂಗಡಿಯ ಬಾಗಿಲವರೆಗೆ ಬರಬೇಕಾದರೆ ತಹಶೀಲ್ದಾರರೂ ಪೋಲೀಸರೂ ಕಾಲು ಸವೆಸಬೇಕು. ಬಂದೋಬಸ್ತಿನ ವ್ಯಾನು ಎಂಟು ದಿನ ನಿಂತು ಹೋದರೆ ಆಗುವ ಕಾರ್ಯವಲ್ಲ ಇದು.

ಹುಟ್ಟಿನ ಸಂಬಂಧವನ್ನೇ ಅಪರಾಧವೆಂದು ಗಣಿಸಿದ ಇನ್ನೊಂದು ಉದಾಹರಣೆಯೂ ನಮ್ಮ ನಾಡಿನಲ್ಲಿದೆ. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಆಶ್ರಯದಲ್ಲಿ ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ತಂತಿಬೇಲಿಯ ವಸಾಹತುಗಳು ಎದ್ದವು. ಕೆಲವು ಜಾತಿಗಳ ಗಂಡಸರು, ಹೆಂಗಸರು, ಮಕ್ಕಳು ಹಾಜರಿ ಕೊಟ್ಟು ಬದುಕಬೇಕಾಯಿತು. ಅಲ್ಲಿ ಅಣ್ಣತಮ್ಮಂದಿರ ನಂಟೆಂಬುದು ಆಧಾರವಾಗಲಿಲ್ಲ, ಆರೋಪವಾಯಿತು. ಕಾಯಿದೆಯು 1952ರ ಆಗಸ್ಟ 31ರಂದು ರದ್ದಾಯಿತು. ಹುಬ್ಬಳ್ಳಿ ಗದಗುಗಳ ‘ಸೆಟ್ಲಮೆಂಟ್’ ಎಂಬ ಹೆಸರು ಜನರ ಬಾಯಲ್ಲಿ ಉಳಿಯಿತು. ಜೇಲುಗಳ ನಿಯಮಾವಳಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ, ಇಂಥ ಬುಡಕಟ್ಟುಗಳನ್ನು ರೂಢಿಯ ಅಪರಾಧಿಗಳೆಂದು ಕಾಣುವ ವಾಕ್ಯಗಳು ಮಾತ್ರ ಅನೇಕ ಪ್ರಾಂತಗಳಲ್ಲಿ ಹಾಗೆಯೇ ನಿಂತಿದ್ದವು. ಸುಕನ್ಯಾ ಶಾಂತಾ ಎಂಬ ಪತ್ರಕರ್ತೆಯು ತಂದ ಮೊಕದ್ದಮೆಯಲ್ಲಿ 2024ರ ಅಕ್ಟೋಬರ 3ರಂದು ಸರ್ವೋಚ್ಚ ನ್ಯಾಯಾಲಯವು ಅವನ್ನು ಸಂವಿಧಾನಕ್ಕೆ ವಿರುದ್ಧವೆಂದು ತಳ್ಳಿಹಾಕಿತು. ಗಣರಾಜ್ಯವಾಗಿ 74 ವರ್ಷಗಳಾದ ಮೇಲೆ ಈ ಮಾತನ್ನು ಹೇಳಬೇಕಾಗಿ ಬಂತೆಂಬುದು ಅಭಿಮಾನಪಡುವ ಸಂಗತಿಯಲ್ಲ.

ಹೆಂಗಸರ ವಿಷಯದಲ್ಲಂತೂ ನಂಟುಗಳು ಬೇಗನೆ ಹರಿಯುವವು. ಗಂಡನು ಒಳಗೆ ಹೋದರೆ ಹೆಂಡತಿಯು ದುಡಿದು ಕಾಯುವಳು. ಹೆಂಡತಿ ಒಳಗೆ ಹೋದರೆ ಗಂಡನು ಕಾಯುವದನ್ನು ನಾವು ಅಪರೂಪವಾಗಿ ಕೇಳುತ್ತೇವೆ. ತಾಯಿಯ ಸಂಗಡ ಸೆರೆಮನೆಯಲ್ಲಿ ಮಗುವು 6 ವರ್ಷದವರೆಗೆ ಇರಬಹುದೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ವಿಧಿಸಿದೆ. ಏಳನೆಯ ವರ್ಷಕ್ಕೆ ಆ ಮಗು ಯಾರ ಕೈಗೆ? ತವರಿನವರು ಮುಂದೆ ಬಂದರೆ ಪುಣ್ಯ, ಇಲ್ಲವಾದರೆ ಸರಕಾರದ ಬಾಲಮಂದಿರ. ತಾಯಿಯು ಬಿಡುಗಡೆಯಾಗಿ ಬಂದಾಗ ಗಂಡನ ಮನೆಯಲ್ಲಿ ಬೇರೊಬ್ಬಳು ಒಲೆ ಹೂಡಿರುವಳು, ತವರಿನಲ್ಲಿ ತಂಗಿಯ ಮದುವೆ ನಿಲ್ಲುವದೆಂಬ ಅಂಜಿಕೆ, ಮಗುವಿಗೆ ಅವಳ ಗುರುತೇ ಇಲ್ಲ. ಇಂಥವಳಿಗೆ ‘ನಿನ್ನವರ ಬಳಿಗೆ ಹೋಗು’ ಎಂಬ ಉಪದೇಶವು ಕ್ರೂರವಾದ ಅಣಕವಲ್ಲದೆ ಮತ್ತೇನು?

ಹಾಗಾದರೆ ಮಾಡತಕ್ಕದ್ದೇನು? ಬಂಧುಗಳಿಲ್ಲದವನಿಗೆ ಆಸರೆಯಾಗುವ, ಬಂಧುಗಳು ಅತಿಯಾಗಿರುವವನಿಗೆ ಕಡಿವಾಣವಾಗುವ ಮೂರನೆಯ ಬಗೆಯ ಸಂಬಂಧವೊಂದನ್ನು ಸಮಾಜವೂ ಸರಕಾರವೂ ಕೂಡಿ ಕಟ್ಟಬೇಕು. ಇದು ಕಲ್ಪನೆಯ ಮಾತಲ್ಲ. 1939ರಲ್ಲಿಯೇ ನಮ್ಮ ಗಡಿಗೆ ಹತ್ತಿದ ಔಂಧ ಸಂಸ್ಥಾನದ ರಾಜರು, ಮಾರಿಸ್ ಫ್ರೀಡ್ಮನ್ನರ ಪ್ರೇರಣೆಯಿಂದ, ಆಟಪಾಡಿಯ ಹತ್ತಿರ ಸ್ವತಂತ್ರಪುರವೆಂಬ ಗೋಡೆಯಿಲ್ಲದ ಸೆರೆಮನೆಯನ್ನು ತೆರೆದರು; ಕೈದಿಗಳು ಹೆಂಡಿರುಮಕ್ಕಳ ಸಂಗಡ ಅಲ್ಲಿ ಇದ್ದು ಹೊಲ ಗೇಯ್ದರು. ಶಾಂತಾರಾಮರ 1957ರ ‘ದೋ ಆಂಖೇ ಬಾರಹ್ ಹಾಥ್’ ಚಿತ್ರಕ್ಕೆ ಇದೇ ಆಧಾರ. ರಾಜಸ್ಥಾನದ ಸಾಂಗಾನೇರದಲ್ಲಿ 1963ರಲ್ಲಿ ಆರಂಭವಾದ ಬಯಲು ಬಂದೀಖಾನೆಯಲ್ಲಿ ಕೈದಿಯು ಸಂಸಾರದೊಡನೆ ವಾಸಿಸಿ, ಹಗಲು ಹೊರಗೆ ದುಡಿದು, ಸಾಯಂಕಾಲ ಹಾಜರಿ ಕೊಡುವನು. ಕರ್ನಾಟಕದಲ್ಲಿಯೂ ದೇವನಹಳ್ಳಿಯ ಹತ್ತಿರ ಒಂದು ಬಯಲು ಬಂದೀಖಾನೆಯಿದೆ. ಇಷ್ಟು ದೊಡ್ಡ ಪ್ರಾಂತಕ್ಕೆ, ಅದರಲ್ಲಿಯೂ ತುಂಗಭದ್ರೆಯ ನೀರಾವರಿಯಲ್ಲಿ ಆಳಿಗಾಗಿ ರೈತರು ಬಾಯಿಬಿಡುತ್ತಿರುವ ಈ ಕಾಲದಲ್ಲಿ, ಬಳ್ಳಾರಿ ಕೊಪ್ಪಳಗಳ ಕಡೆಗೂ ಅಂಥದೊಂದು ಏಕೆ ಬೇಡವೆಂಬುದನ್ನು ಸರಕಾರದವರೇ ಹೇಳಬೇಕು.

ಕಲೆಯೂ ಇಂಥ ಸಂಬಂಧವನ್ನು ಕಟ್ಟಬಲ್ಲದು. ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಕಳೆದ ಶತಮಾನದ ಕೊನೆಯ ವರ್ಷಗಳಿಂದ ಬಳ್ಳಾರಿ, ಮೈಸೂರು ಮೊದಲಾದ ಜೇಲುಗಳ ಕೈದಿಗಳಿಂದ ನಾಟಕಗಳನ್ನು ಆಡಿಸಿ, ಅವರನ್ನು ಹೊರಗಿನ ರಂಗಮಂದಿರಗಳಿಗೂ ಕರೆದುತಂದರು. ಕೊಲೆಗಾರನೆಂದು ಕೇಳಿದ್ದವನನ್ನು ಜನರು ರಂಗದ ಮೇಲೆ ಕಂಡು ಚಪ್ಪಾಳೆ ತಟ್ಟಿದರು. ಅಪರಿಚಿತರೊಡನೆ ಹುಟ್ಟಿದ ಆ ಗೌರವದ ನಂಟು ಜಾತಿಯಿಂದ ಬಂದದ್ದಲ್ಲ, ರಕ್ತದಿಂದ ಬಂದದ್ದೂ ಅಲ್ಲ.

ಪ್ರಾಮಾಣಿಕರಾದ ತರುಣರಿಗೇ ಕೆಲಸವಿಲ್ಲದಿರುವಾಗ ಜೇಲಿನಿಂದ ಬಂದವನಿಗೆ ಏಕೆ ಮೊದಲು ಕೊಡಬೇಕು ಎಂಬ ಆಕ್ಷೇಪಣೆಯನ್ನು ನಾವು ಬಲ್ಲೆವು, ಅದು ತೆಗೆದುಹಾಕುವಂಥ ಆಕ್ಷೇಪಣೆಯೂ ಅಲ್ಲ. ಮೊದಲು ಕೊಡಿರೆಂದು ನಾವು ಕೇಳುತ್ತಿಲ್ಲ. ಶಿಕ್ಷೆಯನ್ನು ಅನುಭವಿಸಿ ತೀರಿಸಿದ ಅಪರಾಧಕ್ಕಾಗಿಯೇ ಅವನನ್ನು ಕಡೆಗೆ ತಳ್ಳಬೇಡಿರೆನ್ನುತ್ತೇವೆ. ಕೆಲಸವಿಲ್ಲದವನನ್ನು ಕಾದು ಕರೆಯುವವರು ಬೇರೆ ಇದ್ದಾರೆ: ಮಟ್ಕಾದವನು, ಕಳ್ಳ ಮರಳಿನ ಲಾರಿಯವನು, ಹಳೆಯ ಜೊತೆಗಾರನು. ಅವರು ಚಾರಿತ್ರ್ಯದ ಸರ್ಟಿಫಿಕೇಟು ಕೇಳುವದಿಲ್ಲ.

1958ರ ಪರಿವೀಕ್ಷಣೆಯ ಕಾಯಿದೆಯಂತೆ ನೇಮಕವಾಗುವ ಪರಿವೀಕ್ಷಣಾಧಿಕಾರಿಗಳಿಗೆ ಬಿಡುಗಡೆಯಾಗುವವರ ಊರನ್ನು ಮುಂಚಿತವಾಗಿ ಕಂಡು ಬರುವ ಕೆಲಸವನ್ನೂ ಒಪ್ಪಿಸಬೇಕು. ಬಿಡುಗಡೆಗೆ ಮೂರು ತಿಂಗಳು ಮೊದಲು ಅವರು ಕೈದಿಯ ಮನೆಗಷ್ಟೇ ಅಲ್ಲ, ನೊಂದವರ ಮನೆಗೂ ಹೋಗಬೇಕು. ಎರಡೂ ಕಡೆಯ ಮಾತನ್ನು ಬರೆದುಕೊಂಡು, ಅವನು ಆ ಊರಿಗೇ ಹೋಗುವದು ಹಿತವೋ ಬೇರೆಡೆ ನೆಲೆಗೊಳಿಸುವದು ಹಿತವೋ ಎಂಬುದನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರ ಮುಂದೆ ಇಡಬೇಕು. ಗಂಗಾವತಿಯ ಗಿರಣಿಗಳ ಮಾಲಕರೂ ಸಹಕಾರಿ ಸಂಘಗಳ ಅಧ್ಯಕ್ಷರೂ ಒಬ್ಬೊಬ್ಬರು ಒಬ್ಬಿಬ್ಬರನ್ನು ಒಂದು ವರ್ಷದ ಪರೀಕ್ಷೆಯ ಮೇಲೆ ಇಟ್ಟುಕೊಳ್ಳಲು ಒಪ್ಪಿದರೆ ಕೊಪ್ಪಳ ಜಿಲ್ಲೆಯ ಮಟ್ಟಿಗೆ ಅದೇ ಒಳ್ಳೆಯ ಆರಂಭವಾಗುವದು. ಮರಕುಂಬಿಯ ವಿಷಯದಲ್ಲಿ ಮಾತ್ರ ಇಷ್ಟು ಸಾಲದು. ಅಲ್ಲಿಯ ಮೇಲ್ಮನವಿಯ ಫಲಿತಾಂಶ ಏನೇ ಇರಲಿ, ಊರಿನ ಹೋಟೆಲು, ಕ್ಷೌರದಂಗಡಿ, ಕುಡಿಯುವ ನೀರಿನ ತಾಣಗಳು ಎಲ್ಲರಿಗೂ ತೆರೆದಿವೆಯೇ, ಸಾಕ್ಷಿ ನುಡಿದವರಿಗೆ ಹೊಲದ ಕೂಲಿ ದೊರೆಯುತ್ತಿದೆಯೇ ಎಂಬುದನ್ನು ಜಿಲ್ಲಾಧಿಕಾರಿಗಳು ಸ್ವತಃ ಹೋಗಿ ನೋಡಿ, ತಾವು ಕಂಡದ್ದನ್ನು ಸಾರ್ವಜನಿಕರಿಗೆ ತಿಳಿಸಬೇಕೆಂದು ನಾವು ಕೇಳುತ್ತೇವೆ.